ಎದುರು ದೇಶದ ವಕೀಲೆ

ನಾನು ಹೋಟೆಲಿನವನು, ಕಾನೂನು ಓದಿದವನಲ್ಲ. ಆದರೆ ಉಗ್ರರ ದಾಳಿಗೆ ಉತ್ತರವಾಗಿ ಒಂದು ದೇಶ ಇನ್ನೊಂದು ದೇಶದ ಮೇಲೆ ಯಾವಾಗ ಬಾಂಬು ಹಾಕಬಹುದು, ಯಾವಾಗ ಹಾಕಬಾರದು ಎಂದು ಯಾರಾದರೂ ಕೇಳಿದರೆ ಅರ್ಧ ಗಂಟೆ ಬಿಡದೆ ಮಾತಾಡಬಲ್ಲೆ. ಸಾನಪಾಡಾ ಸ್ಟೇಷನ್ನಿನ ಎದುರು ಇಡ್ಲಿ ವಡೆ ಮಾರುವವನಿಗೆ ಈ ವಿದ್ಯೆ ಎಲ್ಲಿಂದ ಬಂತು ಎಂದರೆ, ಮಗಳಿಂದ. ಅದನ್ನು ಕಲಿಸಿದ ಮಗಳಿಗೆ ನಾನು ಮಾಡಿದ ಅನ್ಯಾಯವನ್ನು ಬರೆಯಲು ಕೂತಿದ್ದೇನೆ. ಅವಳು ಬೇಡ ಅಂದಿದ್ದಾಳೆ. ಬೇಡ ಅಂದ ಮೇಲೂ ಮಾಡುವುದು ನನ್ನ ಹುಟ್ಟುಗುಣ, ಏನು ಮಾಡಲಿ.

ನಮ್ಮ ಮನೆ ಮುಂಬಯಿ ಹೊರವಲಯದ ಡೊಂಬಿವಲಿಯಲ್ಲಿ. ಬೆಳಿಗ್ಗೆ ಐದರ ಗಾಡಿ ಹಿಡಿದು ಠಾಣೆ ಸ್ಟೇಷನ್ನಿಗೆ ಬಂದು, ಅಲ್ಲಿ ಗಾಡಿ ಬದಲಿಸಿ ಸಾನಪಾಡಾಕ್ಕೆ ಹೋಗುವುದು ನನ್ನ ಇಪ್ಪತ್ತೆರಡು ವರ್ಷಗಳ ದಿನಚರಿ. ಹೋಟೆಲಿನಲ್ಲಿ ನನಗೆ ಜೊತೆ ಹೆಂಡತಿಯ ತಮ್ಮ. ಅವನಿಗೆ ಎಡಗಿವಿ ಕೇಳುವುದಿಲ್ಲ. ಹಲವು ವರ್ಷಗಳ ಹಿಂದೆ ಲೋಕಲ್ ಗಾಡಿಯಲ್ಲಿ ಬಾಂಬು ಸಿಡಿದಾಗ ಅವನು ಪಕ್ಕದ ಡಬ್ಬಿಯಲ್ಲಿ ನಿಂತಿದ್ದ. ಆ ಸಂಜೆ ಅವನನ್ನು ಹುಡುಕಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ನನ್ನ ಹೆಂಡತಿ ಇವತ್ತಿಗೂ ಟೀವಿಯಲ್ಲಿ ಸ್ಫೋಟದ ಸುದ್ದಿ ಬಂದರೆ ಎದ್ದು ಒಳಗೆ ಹೋಗುತ್ತಾಳೆ. ಉಗ್ರರು ಎಂದರೆ ನಮ್ಮ ಮನೆಯಲ್ಲಿ ಬರೀ ಪೇಪರಿನ ಸುದ್ದಿಯಲ್ಲ.

ಮಗಳು ಖಾರಘರದ ಕಾಲೇಜೊಂದರಲ್ಲಿ ಕಾನೂನಿನ ನಾಲ್ಕನೇ ವರ್ಷದಲ್ಲಿದ್ದಳು. ಅವಳಿಗೆ ಅಣಕು ನ್ಯಾಯಾಲಯದ ಹುಚ್ಚು. ಸುಳ್ಳು ಕೇಸು, ಸುಳ್ಳು ಕೋರ್ಟು, ಎದುರಿಗೆ ಮೇಷ್ಟ್ರುಗಳೇ ಜಡ್ಜುಗಳು. ಕಪ್ಪು ಕೋಟು ಮಾತ್ರ ನಿಜವಾದದ್ದು. ದೇಶಕ್ಕೆಲ್ಲ ಸೇರಿದ ಸ್ಪರ್ಧೆಯಲ್ಲಿ ಗೆದ್ದ ತಂಡ ವಿದೇಶದಲ್ಲಿ ನಡೆಯುವ ಕೊನೆಯ ಸುತ್ತಿಗೆ ಹೋಗುತ್ತದೆ. ಕಾಲೇಜು ಸೇರಿದ ದಿನದಿಂದ ಅವಳ ಕಣ್ಣು ಅದರ ಮೇಲೇ ಇತ್ತು. ಸ್ನೇಹಿತೆಯರ ಮದುವೆಗೆ ಹೋಗಲಿಲ್ಲ, ಊರಿಗೆ ಬರಲಿಲ್ಲ, ಎರಡು ದೀಪಾವಳಿ ಪುಸ್ತಕ ಹಿಡಿದುಕೊಂಡೇ ಕಳೆದಳು.

ಆ ವರ್ಷದ ಕೇಸು ಹೀಗಿತ್ತು. ಭೂಪಟದಲ್ಲಿ ಇಲ್ಲದ ಎರಡು ದೇಶಗಳು. ಒಂದರ ರೈಲು ನಿಲ್ದಾಣದಲ್ಲಿ ಉಗ್ರರು ಗುಂಡು ಹಾರಿಸಿ ಜನರನ್ನು ಕೊಲ್ಲುತ್ತಾರೆ. ಅವರು ಬಂದದ್ದು ಪಕ್ಕದ ದೇಶದ ಬೆಟ್ಟಗಳಿಂದ. ಮೂರು ವಾರ ಕಳೆದ ಮೇಲೆ ಪೆಟ್ಟು ತಿಂದ ದೇಶ ವಿಮಾನ ಕಳಿಸಿ ಬೆಟ್ಟದ ಮೇಲಿನ ಶಿಬಿರಕ್ಕೆ ಬಾಂಬು ಹಾಕುತ್ತದೆ, ಜೊತೆಗೆ ಊರಿನ ಒಂದು ಸೇತುವೆಗೂ. ಪಕ್ಕದ ದೇಶ ಅಂತಾರಾಷ್ಟ್ರೀಯ ನ್ಯಾಯಾಲಯದ ಬಾಗಿಲು ತಟ್ಟುತ್ತದೆ. ಯಾರದ್ದು ಸರಿ?

"ಇದರಲ್ಲಿ ಕೇಳುದೆಂತ ಉಂಟು? ಪೆಟ್ಟು ತಿಂದವನದ್ದೇ ಸರಿ" ಅಂದೆ ನಾನು.

"ವಾಹ್, ಜಡ್ಜ್ ಸಾಹೇಬ್!" ಎಂದು ನಕ್ಕಳು ಮಗಳು. "ಬಸ್, ಆಪ್ ಹೀ ಜಡ್ಜ್. ನಾಳೆಯಿಂದ ಮೂರು ಗಂಟೆಗೆ ಹೋಟೆಲಲ್ಲಿ ಪ್ರಾಕ್ಟೀಸ್. ಮಧ್ಯೆ ಮಧ್ಯೆ ನನ್ನ ಮಾತು ಕಟ್ ಮಾಡ್ಬೇಕು, ತಲೆ ತಿನ್ಬೇಕು. ಆಪ್ಕೋ ತೋ ಆತಾ ಹೀ ಹೈ."

ಅದೊಂದು ಕೆಲಸ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಫ್ಯಾಮಿಲಿ ರೂಮಿನಲ್ಲಿ ನಾನು ಕೂರುತ್ತಿದ್ದೆ, ಅವಳು ಎದುರಿಗೆ ನಿಲ್ಲುತ್ತಿದ್ದಳು. ಮೊದಲ ವಾರ ಪೆಟ್ಟು ತಿಂದ ದೇಶದ ಪರ. ವಿಶ್ವಸಂಸ್ಥೆಯ ಸನ್ನದಿನ ಐವತ್ತೊಂದನೆಯ ವಿಧಿ ಪ್ರತಿಯೊಂದು ದೇಶಕ್ಕೂ ಆತ್ಮರಕ್ಷಣೆಯ ಹಕ್ಕು ಕೊಡುತ್ತದೆ. ಸಶಸ್ತ್ರ ದಾಳಿ ಆದರೆ ತಿರುಗಿ ಹೊಡೆಯಬಹುದು, ಆದರೆ ಹೊಡೆಯದೆ ಬೇರೆ ದಾರಿ ಇಲ್ಲ ಎಂದಿರಬೇಕು, ಹೊಡೆತ ಅಗತ್ಯದ ಅಳತೆ ಮೀರಬಾರದು, ಮಾಡಿದ್ದನ್ನು ಭದ್ರತಾ ಮಂಡಳಿಗೆ ತಿಳಿಸಬೇಕು. ಪಕ್ಕದ ದೇಶ ತನ್ನ ನೆಲದಲ್ಲಿರುವ ಉಗ್ರರನ್ನು ತಡೆಯಲು ಮನಸ್ಸು ಮಾಡದಿದ್ದರೆ, ಅಥವಾ ಅದರ ಕೈಯಲ್ಲಿ ಆಗದಿದ್ದರೆ, ಪೆಟ್ಟು ತಿಂದವನು ಎಷ್ಟು ದಿನ ಕೈಕಟ್ಟಿ ಕೂರಬೇಕು? ಈ ಕೊನೆಯ ಮಾತು ಎಲ್ಲರೂ ಒಪ್ಪಿದ್ದಲ್ಲ, ಜಗಳ ಇರುವುದೇ ಇಲ್ಲಿ ಎಂದು ಅವಳು ಹೇಳಿದಳು. ನನಗೆ ಜಗಳವೇ ಕಾಣಲಿಲ್ಲ. ಶಭಾಷ್ ಎಂದು ಮೇಜು ಕುಟ್ಟಿದೆ.

ಎರಡನೆಯ ವಾರ ಅವಳು ಪ್ಲೇಟು ತಿರುಗಿಸಿದಳು. ಈ ಸ್ಪರ್ಧೆಯ ಪದ್ಧತಿಯೇ ಹಾಗಂತೆ. ಪ್ರತಿ ತಂಡವೂ ಎರಡೂ ದೇಶಗಳ ವಾದ ತಯಾರು ಮಾಡಬೇಕು. ಕೊನೆಯ ದಿನ ನಾಣ್ಯ ಚಿಮ್ಮಿ ಯಾರು ಯಾವ ಕಡೆ ಎಂದು ತೀರ್ಮಾನಿಸುತ್ತಾರೆ. ನನ್ನ ಎದುರಿಗೆ ನಿಂತು ಅವಳು ಹೇಳಿದಳು: ದಾಳಿ ಮಾಡಿದವರು ನಮ್ಮ ಸೈನಿಕರಲ್ಲ, ನಾವು ಕಳಿಸಿದವರೂ ಅಲ್ಲ. ನಮ್ಮ ನೆಲದಲ್ಲಿದ್ದರು ಎಂದ ಮಾತ್ರಕ್ಕೆ ಅದು ನಮ್ಮ ದಾಳಿ ಆಗುವುದಿಲ್ಲ. ಆತ್ಮರಕ್ಷಣೆ ಎಂದರೆ ದಾಳಿಯನ್ನು ತಡೆಯುವುದು, ಸೇಡು ತೀರಿಸುವುದಲ್ಲ. ಮೂರು ವಾರ ಬಿಟ್ಟು ಬಂದವರು ಏನನ್ನು ತಡೆಯಲು ಬಂದರು? ಆ ಸೇತುವೆ ಯಾರನ್ನು ಕೊಂದಿತ್ತು?

ನನ್ನ ಮೈ ಉರಿದುಹೋಯಿತು. ಕೈಯಲ್ಲಿದ್ದ ಸ್ಟೀಲ್ ಲೋಟ ಮೇಜಿಗೆ ಕುಕ್ಕಿದೆ. "ನಿನ್ನ ಮಾಮನ ಕಿವಿ ಹೋದದ್ದು ಮರ್ತುಹೋಯ್ತಾ ನಿಂಗೆ? ನಾಚಿಕೆ ಆಗುದಿಲ್ವಾ ಹೀಗೆಲ್ಲ ಮಾತಾಡ್ಲಿಕ್ಕೆ?"

ಅವಳ ಮುಖ ಸಣ್ಣದಾಯಿತು. ಆಗ ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದ ಭಾವಮೈದುನ ಕುರ್ಚಿ ಎಳೆದುಕೊಂಡು ಒಳಗೆ ಬಂದ. ಬಲಗಿವಿ ಅವಳ ಕಡೆ ಮಾಡಿ ಕೂತ. "ನೀವು ಸುಮ್ನಿರಿ ಭಾವ. ನಾಳೆ ನಮ್ಮ ದೇಶ ಕೋರ್ಟಿಗೆ ಹೋದ್ರೆ ಎದುರಿನವ ಇದನ್ನೇ ಅಲ್ವಾ ಹೇಳುದು? ಅವ ಎಂತ ಹೇಳ್ತಾನೆ ಅಂತ ಗೊತ್ತಿಲ್ದೆ ನಮ್ಮವರು ಉತ್ತರ ಹೇಗೆ ಕೊಡುದು? ನೀ ಹೇಳು ಮಗಾ, ಜೋರಾಗಿ ಹೇಳು" ಅಂದ. ಬಾಂಬಿಗೆ ಕಿವಿ ಕೊಟ್ಟವನೇ ಹೀಗೆ ಹೇಳಿದ ಮೇಲೆ ನಾನು ಮತ್ತೆ ಜಡ್ಜಾಗಿ ಕೂತೆ. ಆಮೇಲೆ ದಿನಾ ಅವಳ ಆ ವಾದವನ್ನು ಕೇಳಿ ಕೇಳಿ ನನಗೇ ಬಾಯಿಪಾಠವಾಯಿತು. ನಿಜ ಹೇಳುತ್ತೇನೆ, ಅದು ಮೊದಲನೆಯ ವಾದಕ್ಕಿಂತ ಚೆನ್ನಾಗಿತ್ತು.

ಕೊನೆಯ ದಿನ ನಾಣ್ಯ ಅವಳಿಗೆ ಪಕ್ಕದ ದೇಶವನ್ನೇ ಕೊಟ್ಟಿತು. ನಾನು ಹಿಂದಿನ ಸಾಲಿನಲ್ಲಿ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಜಡ್ಜುಗಳು ಅವಳನ್ನು ಹಿಡಿದು ಜಗ್ಗಾಡಿದರು, ಅವಳು ಒಂದು ಇಂಚು ಜಾರಲಿಲ್ಲ. ಗೆದ್ದರು. ವಿದೇಶಕ್ಕೆ ಹೋಗುವ ತಂಡ ಅವರದ್ದೇ ಎಂದಾಗ ಅವಳು ಅಲ್ಲೇ ಕೂತು ಅತ್ತಳು.

ಈಗ ನನ್ನ ಮೊದಲನೆಯ ತಪ್ಪು. ನಮ್ಮ ಹೋಟೆಲಿನವರದ್ದೊಂದು ವಾಟ್ಸಾಪ್ ಗುಂಪು ಉಂಟು. ಠಾಣೆಯಿಂದ ಪನವೇಲಿನವರೆಗಿನ ನಮ್ಮ ಕರಾವಳಿಯವರೆಲ್ಲ ಅದರಲ್ಲಿದ್ದಾರೆ. ಯಾರ ಮಗ ಪಾಸಾದರೂ, ಯಾರ ಮಗಳಿಗೆ ಸಂಬಂಧ ಕುದುರಿದರೂ ಅಲ್ಲಿ ಹಾಕಲೇಬೇಕು. ನಲವತ್ತು ನಿಮಿಷದ ವೀಡಿಯೊ ಯಾರು ನೋಡುತ್ತಾರೆ? ಶುರುವಿನ ಸ್ವಾಗತ ಭಾಷಣ ಕತ್ತರಿಸಿದೆ, ಜಡ್ಜುಗಳ ಪ್ರಶ್ನೆ ಕತ್ತರಿಸಿದೆ. ಅವಳು ಗಟ್ಟಿಯಾಗಿ, ಕೈ ಎತ್ತಿ, ನನ್ನ ದೇಶದ ನೆಲದ ಮೇಲೆ ಬಾಂಬು ಹಾಕಿದ್ದು ಆತ್ಮರಕ್ಷಣೆಯಲ್ಲ, ಅಪರಾಧ ಎಂದು ಇಂಗ್ಲಿಷಿನಲ್ಲಿ ಹೇಳುವ ಎರಡು ನಿಮಿಷ ಉಳಿಸಿದೆ. ಅದೇ ಅವಳ ಅತ್ಯುತ್ತಮ ಭಾಗವಾಗಿತ್ತು. ಕೆಳಗೆ 'ನನ್ನ ಮಗಳು, ಆಶೀರ್ವದಿಸಿ' ಎಂದು ಬರೆದು ಹಾಕಿದೆ. ಸ್ಪರ್ಧೆ ಎಂದು ಬರೆಯುವುದು ಹೊಳೆಯಲೇ ಇಲ್ಲ. ಎಲ್ಲರೂ ಹೂವು, ಕೈಮುಗಿದ ಚಿತ್ರ ಕಳಿಸಿದರು. ಒಬ್ಬರಾದರೂ ಪೂರ್ತಿ ಕೇಳಿರಲಿಕ್ಕಿಲ್ಲ.

ಹತ್ತು ದಿನ ಕಳೆಯಿತು. ದೇಶದ ಉತ್ತರದಲ್ಲಿ ಉಗ್ರರು ಅಮಾಯಕ ಜನರನ್ನು ಕೊಂದರು. ನಿಜವಾದ ಉಗ್ರರು, ನಿಜವಾದ ಜನ. ಅವತ್ತಿನಿಂದ ಊರಿಗೆ ಊರೇ ಉಸಿರು ಬಿಗಿಹಿಡಿದು ಕೂತಿತು. ಗಾಡಿಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಎಲ್ಲರ ಕಣ್ಣು ಫೋನಿನ ಮೇಲೆ. ಕಲ್ಯಾಣದ ಕಡೆ ಸೈರನ್ ಅಭ್ಯಾಸ ಆಗುತ್ತದಂತೆ, ದೀಪ ಆರಿಸಬೇಕಂತೆ ಎಂದು ದಿನಕ್ಕೊಂದು ಸುದ್ದಿ. ಹೆಂಡತಿ ಮನೆಯಲ್ಲಿ ಟಾರ್ಚು, ಮೇಣದ ಬತ್ತಿ, ಎರಡು ಕೊಡ ನೀರು ತುಂಬಿಸಿಟ್ಟಳು. ಕೊನೆಗೆ ನಮ್ಮವರು ಗಡಿ ದಾಟಿ ಹೊಡೆದರು ಎಂಬ ಸುದ್ದಿ ಬಂತು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಹೋಟೆಲಿನಲ್ಲಿ ಎಲ್ಲರಿಗೂ ಶಿರಾ ಹಂಚಿದೆ. ಮಗಳು ಮಾತ್ರ ಟೀವಿಯ ಮುಂದೆ ನೋಟ್‌ಬುಕ್ ಹಿಡಿದು ಕೂತಿದ್ದಳು. "ಕೇಳಿ ಪಪ್ಪಾ, ಎಲ್ಲೆಲ್ಲಿ ಹೊಡೆದ್ರು, ಎಷ್ಟು ಹೊಡೆದ್ರು, ಯಾಕೆ ಅಷ್ಟೇ ಹೊಡೆದ್ರು ಅಂತ ಸರ್ಕಾರದವ್ರು ಹೇಳ್ತಿದ್ದಾರೆ. ಕಾನೂನು ಗೊತ್ತಿದ್ದವ್ರು ಬರೆದುಕೊಟ್ಟಿದ್ದಾರೆ ಇದನ್ನ" ಅಂದಳು. ಅವಳ ಧ್ವನಿಯಲ್ಲಿ ಹೆಮ್ಮೆಯೇ ಇತ್ತು.

ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಭಿವಂಡಿಯ ಹಿಟ್ಟಿನ ವ್ಯಾಪಾರಿ ಫೋನು ಮಾಡಿದ. "ಶೇಟ್, ಆಪ್ಕೀ ಲಡ್ಕೀ ಕಾ ವೀಡಿಯೊ ಘೂಮ್ ರಹಾ ಹೈ." ಮಗಳ ವೀಡಿಯೊ ಎಲ್ಲರ ಫೋನಿನಲ್ಲಿ ಸುತ್ತುತ್ತಿದೆಯಂತೆ. ಅವನು ಕಳಿಸಿದ್ದನ್ನು ತೆರೆದು ನೋಡಿದೆ. ನಾನೇ ಕತ್ತರಿಸಿದ ಎರಡು ನಿಮಿಷ. ಕೆಳಗೆ ನನ್ನ ಬರಹ ಇಲ್ಲ. ಅದರ ಜಾಗದಲ್ಲಿ, ನವಿ ಮುಂಬಯಿಯ ಹೋಟೆಲಿನವನ ಮಗಳು ಶತ್ರುವಿನ ಪರ ಮಾತಾಡುತ್ತಿದ್ದಾಳೆ ಎಂದು ಯಾರೋ ಬರೆದಿದ್ದರು. ನಮ್ಮ ಹೋಟೆಲಿನ ಬೋರ್ಡಿನ ಫೋಟೊ ಕೂಡ ಇತ್ತು.

ಹನ್ನೆರಡಕ್ಕೆ ಮಗಳ ಫೋನು. ಲೇಡೀಸ್ ಡಬ್ಬಿಯಲ್ಲಿ ಇಬ್ಬರು ಅವಳ ಮುಖ ನೋಡಿ ಫೋನು ನೋಡಿ ಪಿಸುಗುಟ್ಟಿದರಂತೆ. ನೆರೂಳಿನಲ್ಲಿ ಇಳಿದು ಬೇರೆ ಗಾಡಿ ಹತ್ತಿದಳಂತೆ. ಆದರೂ ಹೇಳಬೇಕಾದದ್ದನ್ನು ಸರಿಯಾಗಿ ಹೇಳಿದಳು. "ಪಪ್ಪಾ, ಕಾಲೇಜಿಗೂ ಕಂಪ್ಲೇಂಟ್ ಹೋಗಿದೆ. ನಮ್ಮ ಟೀಮಿನ ಮ್ಯಾಡಮ್ ಎಲ್ಲ ಸಂಭಾಲ್ತಾರೆ. ಪೂರಾ ವೀಡಿಯೊ ಉಂಟು, ರೂಲ್ಸ್ ಉಂಟು. ಒಂದೇ ಮಾತು, ಯಾರು ಬಂದು ಕೇಳಿದ್ರೂ ಏನೂ ಬರ್ದು ಕೊಡ್ಬೇಡಿ. ಕುಛ್ ಭೀ ನಹೀಂ. ಪ್ರಾಮಿಸ್?"

"ಆಯ್ತು ಮಾರಾಯ್ತಿ, ಪ್ರಾಮಿಸ್" ಅಂದೆ.

ನಾಲ್ಕು ಗಂಟೆಗೆ ವೀಡಿಯೊ ನೋಡಿದವರ ಗುಂಪೊಂದು ಬಂತು. ಹದಿನೈದು ಜನ ಇರಬಹುದು. ನಾಲ್ಕು ಮೇಜು ಹಿಡಿದು ಕೂತರು, ಏನೂ ತರಿಸಲಿಲ್ಲ. ಉಳಿದ ಗಿರಾಕಿಗಳು ಅರ್ಧ ತಿಂದ ದೋಸೆ ಬಿಟ್ಟು ಎದ್ದುಹೋದರು. ಮುಂದಾಳು ನಲವತ್ತರ ಗಂಡಸು, ದನಿ ಏರಿಸದೆ ಮಾತಾಡುವವನು. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಫೋನು ನನ್ನ ಮುಖಕ್ಕೆ ಹಿಡಿದು, "ಶೇಟ್, ಹೀ ತುಮಚೀಚ ಮುಲಗೀ ನಾ?" ಎಂದು ಕೇಳಿದ. ಹೌದು, ನನ್ನ ಮಗಳೇ ಅಂದೆ. ಸ್ಪರ್ಧೆ, ನಾಣ್ಯ, ಎರಡು ಕಡೆಯ ವಾದ ಎಂದು ಹೇಳತೊಡಗಿದೆ. ಅವನು ಕೈ ಅಡ್ಡ ಹಿಡಿದ. ಬರೆದು ತಂದಿದ್ದ ಕಾಗದ ಮೇಜಿನ ಮೇಲಿಟ್ಟ. "ಮಾಫಿನಾಮಾ ದ್ಯಾ. ವಿಷಯ ಸಂಪಲಾ." ಕ್ಷಮಾಪಣೆಯ ಪತ್ರ ಕೊಟ್ಟುಬಿಟ್ಟರೆ ವಿಷಯ ಅಲ್ಲಿಗೇ ಮುಗಿಯಿತಂತೆ.

ನಮ್ಮ ಹೋಟೆಲಿನವರಲ್ಲಿ ಒಂದು ಪದ್ಧತಿ ಉಂಟು. ಹೊರಗಿನವರು ಬಂದು ಗಲಾಟೆ ಮಾಡಿದರೆ, ತಪ್ಪು ನಮ್ಮದಿರಲಿ ಬಿಡಲಿ, ಕೈಮುಗಿದು ಮಾಫಿನಾಮಾ ಬರೆದು ಕೊಟ್ಟುಬಿಡುವುದು. ಸಾಂಬಾರಿನಲ್ಲಿ ಕೂದಲು ಸಿಕ್ಕಿತು ಎಂದರೂ ಮಾಫಿನಾಮಾ, ಬೋರ್ಡಿನ ಮರಾಠಿ ಅಕ್ಷರ ಸಣ್ಣದಾಯಿತು ಎಂದರೂ ಮಾಫಿನಾಮಾ. ಪರವೂರಿನಲ್ಲಿ ಬದುಕುವುದನ್ನು ನನಗೆ ಕಲಿಸಿದ ಹಿರಿಯರು ಮೊದಲು ಕಲಿಸಿದ್ದೇ ಅದನ್ನು. ಅಡುಗೆಯವರ ಮೇಲೆ, ಹೆಂಡತಿಯ ಮೇಲೆ ಹರಿಹಾಯುವ ನಾನು ಅಂಥ ಕಾಗದಗಳಿಗೆ ಹೇಗೆ ತಲೆತಗ್ಗಿಸಿ ಸಹಿ ಹಾಕುತ್ತಿದ್ದೆ ಎಂದು ಮಗಳು ನೋಡಿಯೇ ಇರಲಿಲ್ಲ.

ಕಾಗದ ಮರಾಠಿಯಲ್ಲಿತ್ತು. ಓದಿದೆ. ಓದದೆ ಹಾಕಿದೆ ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಬೇಕೆಂದೇ ಶತ್ರುದೇಶದ ಪರ ಮಾತಾಡಿದ್ದೇನೆ, ತಪ್ಪು ಒಪ್ಪಿಕೊಂಡಿದ್ದೇನೆ, ಕ್ಷಮಿಸಬೇಕು ಎಂದು ಮಗಳು ಹೇಳುವಂತೆ ಬರೆದಿದ್ದರು. ಆ 'ಬೇಕೆಂದೇ' ಎಂಬ ಪದದ ಮೇಲೆ ನನ್ನ ಕಣ್ಣು ನಿಂತಿತು. ಒಂದು ಪದ ತಾನೇ, ಹೋಗಲಿ ಅಂದುಕೊಂಡೆ. ಭಾವಮೈದುನ ನನ್ನ ತೋಳು ಹಿಡಿದ. "ಬೇಡ ಭಾವ, ಪೊಲೀಸ್ರಿಗೆ ಫೋನ್ ಮಾಡುವಾ." ಅವನ ಕೈ ಕೊಡವಿದೆ. ಕೆಳಗೆ ಎರಡು ಸಹಿಗಳ ಜಾಗ ಇತ್ತು. ನನ್ನದು ಹಾಕಿದೆ. "ಮುಲಗೀಚೀ ಸಹೀ?" ಎಂದು ಮಗಳ ಸಹಿಯ ಜಾಗ ತೋರಿಸಿದ ಮುಂದಾಳು. ಅವಳಿಗೆ ಸಹಿ ಮಾಡುವುದನ್ನು ಕಲಿಸಿದವನೇ ನಾನು. ಹತ್ತನೆಯ ಕ್ಲಾಸಿನ ಫಾರಂ ತುಂಬುವಾಗ ಇದೇ ಮೇಜಿನ ಮೇಲೆ ಇಪ್ಪತ್ತು ಸಲ ಬರೆಸಿದ್ದೆ. ಒಳಗಿನ ಕೋಣೆಗೆ ಹೋದೆ, ಅವಳು ಒಳಗೇ ಇದ್ದಾಳೆ ಎಂಬಂತೆ ಎರಡು ನಿಮಿಷ ನಿಂತೆ, ಅವಳ ಸಹಿಯನ್ನು ನಾನೇ ಹಾಕಿಕೊಂಡು ಬಂದೆ. ಅವರು ಅದರ ಫೋಟೊ ತೆಗೆದುಕೊಂಡು, ನಮಸ್ಕಾರ ಮಾಡಿ ಹೋದರು. ಒಂದು ಲೋಟ ಕೂಡ ಒಡೆಯಲಿಲ್ಲ. ನಾನು ಗೆದ್ದೆ ಅಂದುಕೊಂಡೆ, ನೋಡಿ!

ಏಳಕ್ಕೆ ಮನೆ ಮುಟ್ಟುವಾಗ ಮಗಳು ಬಾಗಿಲಲ್ಲೇ ನಿಂತಿದ್ದಳು. ಫೋಟೊ ಅವಳಿಗೆ ಗಾಡಿಯಲ್ಲೇ ತಲುಪಿತ್ತು.

"ಇದು ನನ್ನ ಸೈನ್ ಅಲ್ಲ ಪಪ್ಪಾ."

"ಹೋಟೆಲಿಗೆ ಬೆಂಕಿ ಹಾಕಿದ್ರೆ ಎಂತ ಮಾಡ್ತಿದ್ದೆ? ನಿನ್ನ ಮುಖಕ್ಕೆ ಮಸಿ ಬಳಿದಿದ್ರೆ?"

"ಕೈ ಎತ್ತಿದ್ರಾ?"

"ಇಲ್ಲ."

"ಏನಾದ್ರೂ ಒಡೆದ್ರಾ? ಬೆಂಕಿ ಹಾಕ್ತೇವೆ ಅಂದ್ರಾ?"

"ಇಲ್ಲ. ಆದ್ರೆ ಮಾಡ್ತಿದ್ರು. ಅವರು ಮಾಡುವ ಮೊದಲೇ ನಾನು ತಡೆದೆ!"

"ನನ್ನ ಕೈ ಕಡಿದು ತಡೆದ್ರಿ" ಅಂದಳು. ಕೂಗಲಿಲ್ಲ. "ನಾನು ಸ್ಪರ್ಧೆಯಲ್ಲಿ ಮಾತಾಡಿದ್ದು ಅಪರಾಧ ಅಲ್ಲ ಅಂತ ಇವತ್ತು ಮಧ್ಯಾಹ್ನದವರೆಗೆ ಇಡೀ ಕಾಲೇಜು ಹೇಳ್ತಿತ್ತು. ಈಗ ಅಪರಾಧ ಮಾಡಿದ್ದೇನೆ ಅಂತ ನಾನೇ ಹೇಳಿದ ಹಾಗಾಯ್ತು. ಯಾರೋ ಮಾಡಿದ್ದನ್ನ ಒಂದು ದೇಶ ಹೌದು, ಇದು ನಮ್ಮದೇ ಅಂತ ಒಪ್ಕೊಂಡ್ರೆ ಅಲ್ಲಿಗೆ ಅದು ಆ ದೇಶದ್ದೇ ಆಗ್ತದೆ. ಗೊತ್ತುಂಟಾ ನಿಮ್ಗೆ? ಮತ್ತೆ ವಾದ ಮಾಡ್ಲಿಕ್ಕೆ ಏನೂ ಉಳಿಯುದಿಲ್ಲ."

ಹೆಂಡತಿ ಅಡುಗೆ ಮನೆಯಿಂದ ಹೊರಗೆ ಬಂದಳು. ಎರಡನೆಯ ವಾದ ಅವಳಿಗೆ ಯಾವತ್ತೂ ಹಿಡಿಸಿರಲಿಲ್ಲ. ಮಗಳಿಗೆ ಬುದ್ಧಿ ಹೇಳುತ್ತಾಳೆ ಎಂದುಕೊಂಡೆ. ಅವಳು ನನ್ನ ಕಡೆಯೇ ತಿರುಗಿದಳು. "ನಿಮಗೆ ಹೆದರಿಕೆ ಆಯ್ತು ಅಂತ ಹೇಳಿ. ಅವಳನ್ನು ಉಳಿಸಿದೆ ಅಂತ ಹೇಳ್ಬೇಡಿ" ಅಂದಳು. ನಾನು ಸಿಟ್ಟಿನಲ್ಲಿ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದೆ. ಸೊಸೈಟಿಯ ಗೇಟಿನ ಹತ್ತಿರ ಹೋಗಿ ನಿಂತೆ. ಹೆದರಿಕೆಯೇ ಆಗಿತ್ತು. ಅವಳಿಗೆ ಏನಾದರೂ ಆದೀತು ಎಂದು ಅರ್ಧ, ನನಗೆ ಏನಾದರೂ ಆದೀತು ಎಂದು ಅರ್ಧ.

ನಾಲ್ಕು ದಿನ ಬಿಟ್ಟು ಕಾಲೇಜಿನಲ್ಲಿ ವಿಚಾರಣೆ. ಪೋಷಕರೂ ಬರಬೇಕು ಎಂದಿದ್ದರು. ಉದ್ದನೆಯ ಮೇಜಿನ ಆಚೆ ಮೂವರು, ಈಚೆ ಮಗಳು, ಅವಳ ಪಕ್ಕದಲ್ಲಿ ಮ್ಯಾಡಮ್, ಗೋಡೆಯ ಬದಿ ಕುರ್ಚಿಯಲ್ಲಿ ನಾನು. ಮ್ಯಾಡಮ್ ಒಂದೊಂದಾಗಿ ಮುಂದಿಟ್ಟರು. ಸ್ಪರ್ಧೆಯ ನಿಯಮ, ನಾಣ್ಯ ಚಿಮ್ಮಿದ ದಾಖಲೆ, ನಲವತ್ತು ನಿಮಿಷದ ವೀಡಿಯೊ, ಪೆಟ್ಟು ತಿಂದ ದೇಶದ ಪರವಾಗಿ ಇದೇ ಹುಡುಗಿ ಬರೆದ ಮೂವತ್ತು ಪುಟ. ಮೂವರೂ ತಲೆದೂಗಿದರು. ಅಧ್ಯಕ್ಷರು ಹಿರಿಯರು, ಮೆತ್ತಗಿನ ಮನುಷ್ಯ. "ಇಷ್ಟೇ ಆಗಿದ್ದರೆ ಐದು ನಿಮಿಷದ ಕೆಲಸವಾಗಿತ್ತು" ಎಂದು ಹಿಂದಿಯಲ್ಲಿ ಹೇಳಿ, ಕಡತದಿಂದ ಆ ಕಾಗದದ ಪ್ರತಿ ತೆಗೆದು ಮೇಜಿನ ಮೇಲೆ ಮಗಳ ಕಡೆ ಸರಿಸಿದರು.

"ಇದರಲ್ಲಿ ನೀನು ಬೇಕೆಂದೇ ಮಾಡಿದ್ದು ಅಂತ ಒಪ್ಪಿಕೊಂಡಿದ್ದೀಯ. ಒಪ್ಪಿಕೊಂಡವಳನ್ನು ಕಾಲೇಜಿನ ಹೆಸರಿನಲ್ಲಿ ವಿದೇಶಕ್ಕೆ ಹೇಗೆ ಕಳಿಸುವುದು? ನಾಳೆ ನಮ್ಮನ್ನೇ ಕೇಳುತ್ತಾರೆ. ಈ ಸಹಿ ನಿನ್ನದಲ್ಲದಿದ್ದರೆ ಈಗಲೇ ಹೇಳು. ಹಾಗಿದ್ದರೆ ಇದು ಖೋಟಾ ಕಾಗದ, ನಾವೇ ಪೊಲೀಸರಿಗೆ ದೂರು ಕೊಡುತ್ತೇವೆ. ಯಾರು ಸಹಿ ಹಾಕಿದರೋ ಅವರು ಉತ್ತರ ಕೊಡಲಿ. ತಂಡದಲ್ಲಿ ನಿನ್ನ ಜಾಗ ನಿನಗೆ ಉಳಿಯುತ್ತದೆ."

ಮ್ಯಾಡಮ್ ಅವಳ ಮೊಣಕೈ ಮುಟ್ಟಿ, "ಬೋಲೋ ಬೇಟಾ" ಎಂದರು. ಅವರಿಗೆ ಗೊತ್ತಿತ್ತು ಅನ್ನಿಸುತ್ತದೆ.

ನಾನು ಕುರ್ಚಿಯಿಂದ ಅರ್ಧ ಎದ್ದೆ. "ಸರ್, ಅದು..." ಅಂದೆ. ಮುಂದಿನ ಮಾತು ಬರಲಿಲ್ಲ. ದಿನವಿಡೀ ಕೂಗಾಡುವ ಬಾಯಿ ಇದು, ಪೊಲೀಸರು ಎಂದು ಕೇಳಿದ್ದೇ ನಾಲಗೆ ಒಣಗಿಹೋಗಿತ್ತು. ಮೂರೇ ಪದ ಸಾಕಿತ್ತು: ನಾನು ಹಾಕಿದ್ದು ಸರ್.

ಮಗಳು ತಿರುಗಿ ನೋಡಲಿಲ್ಲ. ಕಾಗದದ ಮೇಲೆ ಕಣ್ಣಿಟ್ಟುಕೊಂಡೇ, ಮೆಲ್ಲಗೆ, "ಪಪ್ಪಾ, ನೀವು ಕೂತ್ಕೊಳ್ಳಿ" ಅಂದಳು. ಆಮೇಲೆ ತಲೆ ಎತ್ತಿ ಅಧ್ಯಕ್ಷರಿಗೆ ಹೇಳಿದಳು: "ಸಹಿ ನನ್ನದೇ, ಸರ್."

ನಾನು ಕೂತೆ.